ಸೋರುವ ಹಂಡೆ

ನಮ್ಮ ಜತ್ತ ತಾಲೂಕಿನ ಮೂಡಣ ದಿಕ್ಕಿನ ಊರುಗಳಲ್ಲಿ ಅಣ್ಣತಮ್ಮಂದಿರು ಬ್ಯಾರೆ ಆದರೆ ಹೊಲದ ಬದುವಿಗಿಂತ ಮನಿ ಗ್ವಾಡಿಗೇ ಜಗಳ ಹೆಚ್ಚು. ಬದುವಿನ ಕಲ್ಲು ಕಣ್ಣಿಗೆ ಕಾಣತದ, ಗ್ವಾಡಿಯೊಳಗ ಇಳಿಯೋ ನೀರು ಕಾಣೂದಿಲ್ಲ. ನಾನು ಏಳನೆತ್ತೆ ಕಲಿತವ. ಒಕ್ಕಲುತನ ಮಾಡತೀನಿ, ಹಂತಿಪದ, ಭಜನಿ ಹಾಡತೀನಿ. ವಾಚನಾಲಯದವರು ‘ನಿಮ್ಮ ಅನುಭವ ಬರೀರಿ’ ಅಂದಾಗ ಹಾಡಿನ ವಿಷಯ ಬರೀತಾನ ಅಂತ ತಿಳಿದಿದ್ದರು. ಆದರೆ ನಾನು ಬಚ್ಚಲಮನಿ ಹಂಡೆ ವಿಷಯ ಬರೀತೀನಿ. ಅದು ಎಲ್ಲರ ಮನಿಗೂ ಉಪಯೋಗಕ್ಕ ಬರೋ ಮಾತು.

ನಮ್ಮ ಹಂಡೆ ತಾಮ್ರದ್ದು, ಅವ್ವನ ಕಾಲದ್ದು. ಒಂದೂವರೆ ಫೂಟು ಅಗಲ, 60 ಲೀಟರ್ ನೀರು ಹಿಡಿಯತದ. ಮಣ್ಣಿನ ಒಲೆಯೊಳಗ ಹೆಗಲುಮಟ ಹೂತು ಕೂಡಿಸಿದ್ದು. ಮಗ್ಗುಲಿಗೆ ತಣ್ಣೀರಿನ ಸಿಮೆಂಟ್ ಹೌದು. ಹಿಂದಿನ ಗ್ವಾಡಿ ನನಗೂ ತಮ್ಮಗೂ ಕೂಡಿದ್ದು. ಆ ಕಡೆ ಅವನ ಜೋಳದ ಚೀಲ.

ಆ ಬ್ಯಾಸಗ್ಯಾಗ ಅವನ ಕಡೆ ಗ್ವಾಡಿ ಮೊಳಕಾಲುಮಟ ಹಸಿ ಆತು. ಕೆಳಗಿನ ಎರಡು ಚೀಲ ಜೋಳ ಬೂಸ್ಟು ಹಿಡೀತು. ತಮ್ಮ ಬಂದು, “ಅಣ್ಣಾ, ನಿನ್ನ ಹೌದು ಸೋರತೈತಿ” ಅಂದ. ನನ್ನ ಹಿರಿಮಗ, “ನಿಮ್ಮ ಮಾಳಿಗಿ ನೀರು ಕುಡದದ್ದು ಈಗ ಇಳಿಯಾಕತ್ತೈತಿ” ಅಂದ. ಮಾತಿಗೆ ಮಾತು ಬೆಳೆದು, ಟ್ಯಾಂಕರ್ ಬಂದಾಗ ಎರಡೂ ಮನಿ ಹೆಣ್ಣಮಕ್ಕಳು ಒಬ್ಬರಿಗೊಬ್ಬರು ಕೊಡ ಎತ್ತಿ ಕೊಡೂದು ಬಿಟ್ಟರು. ಅದೇ ಹೊತ್ತಿಗೆ ನನ್ನ ಮಗಳು ಬಾಣಂತನಕ್ಕ ಬಂದಿದ್ದಳು. ಬಾಣಂತಿ, ಕೂಸಿಗೆ ದಿನಾ ಬಿಸಿನೀರು ಬೇಕೇಬೇಕು. ಬಚ್ಚಲಮನಿ ಮುಚ್ಚಾಕ ಬರೂದಿಲ್ಲ.

ಗೌಂಡಿಯವ ಬಂದು ಬಾಗಿಲಾಗ ನಿಂತು ನೋಡಿ, “ಹೌದು ಒಡೆದು ಹೊಸದಾಗಿ ಗಿಲಾವು ಮಾಡಬೇಕು, ಎರಡು ಚೀಲ ಸಿಮೆಂಟ್ ತರ್ರಿ” ಅಂದ. ನಾನು ಅವನಿಗೆ ಹೂಂ ಅನ್ನಲಿಲ್ಲ, ತಮ್ಮಗ ಊಹೂಂ ಅನ್ನಲಿಲ್ಲ. ‘ನೀರೇ ಹೇಳಲಿ’ ಅಂದೆ.

ಸೋರಿಕೆ ಹುಡುಕೂದು ಹೀಂಗ. ಬಚ್ಚಲಮನ್ಯಾಗ ನೀರು ಹೋಗಾಕ ಮೂರು ದಾರಿ: ಹೌದು, ಹಂಡೆ, ಇಲ್ಲಾ ಹಾಸುಗಲ್ಲಿನ ಸಂದು. ಒಂದೊಂದನ್ನೇ ಬ್ಯಾರೆ ಮಾಡಿ ನೋಡಬೇಕು. ರಾತ್ರಿ ಎಲ್ಲರ ಜಳಕ ಮುಗಿದ ಮ್ಯಾಲೆ ಒಲಿ ಆರಿಸಿ, ಹೌದಿಗೂ ಹಂಡೆಗೂ ನೀರು ತುಂಬಿ, ಹೌದಿನ ಒಳಗ ಇದ್ದಲಿನಿಂದ, ಹಂಡೆ ಒಳಗ ಸುಣ್ಣದಿಂದ ನೀರಿನ ಮಟ್ಟಕ್ಕ ಗೆರೆ ಹಾಕಿದೆ. ಬಾಜೂಕ ಒಂದು ಬುಟ್ಟಲದಾಗ ನೀರು ಇಟ್ಟು ಅದಕ್ಕೂ ಗೆರೆ ಹಾಕಿದೆ. ಗಾಳಿಗೆ ಎಷ್ಟು ಆರತದ ಅನ್ನೂದು ಬುಟ್ಟಲ ಹೇಳತದ. ಆ ರಾತ್ರಿ ಹಾಸುಗಲ್ಲಿನ ಮ್ಯಾಲೆ ಒಂದು ಹನಿ ನೀರು ಚೆಲ್ಲಲಿಲ್ಲ.

ಕನ್ನಡ ಸಾಲಿ ಗುರುಗಳು ಒಂದು ಮಾತು ಮೊದಲೇ ಹೇಳಿದ್ದರು: ಹಂಡೆಗೆ ತಣ್ಣೀರೇ ತುಂಬಬೇಕು. 60 ಲೀಟರ್ ಕುದಿಬಿಸಿ ನೀರು ಆರಿದರೆ ತಾನೇ ಕುಗ್ಗಿ ಎರಡು ಲೀಟರಿನ ಸಮೀಪ ಕಡಿಮಿ ಆಗತದ. ಬಿಸಿನೀರಿಗೆ ಗೆರೆ ಹಾಕಿದರೆ ಸೋರದ ಹಂಡೆಯೂ ಸೋರಿದಂಗ ಕಾಣತದ.

ಗೆರೆ ಹಾಕುವಾಗ ತಮ್ಮನ್ನ ಕರೆದೆ. “ನೀನೂ ನೋಡು” ಅಂದೆ. ಅವ ಬ್ಯಾಟರಿ ಹಿಡಿದ, ನಾ ಗೆರೆ ಹಾಕಿದೆ. ಮುಂಜಾನೆ ಒಲಿ ಹೂಡೋ ಮೊದಲು ಇಬ್ಬರೂ ಕೂಡಿ ನೋಡಿದಿವಿ. ಬುಟ್ಟಲದ ನೀರು ಇದ್ದಂಗ ಇತ್ತು. ಹೌದಿನ ಗೆರೆ ನೀರಿಗೆ ತಾಗಿಕೊಂಡೇ ಇತ್ತು. ಹಂಡೆ ಮಾತ್ರ ಎರಡು ಬೆರಳು ಇಳಿದಿತ್ತು. ಆ ಹಂಡ್ಯಾಗ ಒಂದು ಬೆರಳು ಅಂದರೆ ಮೂರು ಲೀಟರ್. ಒಂದು ರಾತ್ರಿಗೆ ಆರು ಲೀಟರ್ ನೀರು ಗ್ವಾಡಿ ಕುಡಿದಿತ್ತು. 1972ರ ಬರದಾಗ ನಮ್ಮವ್ವ ಒಬ್ಬೊಬ್ಬರಿಗೆ ನಾಲ್ಕು ತಂಬಿಗಿ ಎಣಿಸಿ ಜಳಕ ಮಾಡಿಸಿದ್ದು ನೆನಪಾತು.

ಹೌದು ಒಡೆಯೂದು ಉಳೀತು. ಆದರೆ ಒಲಿಯ ಬೂದಿ ಒಣಗೇ ಇತ್ತಲ್ಲ! ಹಂಡೆ ತಳ ಸೋರಿದರೆ ಬೂದಿ ಕೆಸರಾಗಬೇಕು. ಹಂಗಾರ ತೂತು ಎಲ್ಲೈತಿ? ಅದಕ್ಕೂ ನೀರನ್ನೇ ಕೇಳಬೇಕು. ಸೋರೋ ಪಾತ್ರಿ ನೀರು ತೂತಿನ ಮಟ್ಟಕ್ಕ ಬಂದು ನಿಲ್ಲತದ. ಹಂಡೆ ಮುಟ್ಟದೇ ಎರಡು ರಾತ್ರಿ, ನಡುವಿನ ಒಂದು ಹಗಲು ಬಿಡಬೇಕಾತು. ಬಾಣಂತಿಗೆ ನೀರು? ತಮ್ಮನ ಹೆಂಡತಿ ಯಾರೂ ಕೇಳದೇ ತನ್ನ ಮನ್ಯಾಗ ಒಲಿ ಹೂಡಿ, ಎರಡು ಕೊಡ ಬಿಸಿನೀರು ತಂದು ಇಟ್ಟು ಹೋದಳು. ಮಾತಾಡಲಿಲ್ಲ. ಮರುದಿನಾನೂ ತಂದಳು.

ನೀರು ನಾಲ್ಕೂವರೆ ಬೆರಳು ಇಳಿದು ನಿಂತಿತು. ಅಲ್ಲಿ ಹಂಡೆಯ ಎರಡು ತುಂಡು ಕೂಡಿಸಿದ ಹೆಗಲಿನ ಬೆಸುಗಿ ಇತ್ತು. ಒಲಿ ಮಣ್ಣು ಒಡೆದು ಹಂಡೆ ಹೊರಗ ತೆಗೆದಿವಿ. ಖಾಲಿ ಹಂಡೆ ತೂಗಹಾಕಿ ಬೆಸುಗಿ ಸುತ್ತ ಬೆರಳ ಗೆಣ್ಣಿನಿಂದ ಬಡಿದೆ. ಭಜನಿ ತಾಳ ಆರಿಸುವಾಗ ಹಿಂಗೇ ಕೇಳಿ ತಗೋತೀವಿ. ಮೂರು ಕಡೆ ದನಿ ಚೊಲೋ ಇತ್ತು, ಗ್ವಾಡಿ ಕಡಿ ಮೈಗೆ ಬಡಿದಾಗ ಜರ್ ಅಂತ ಒಡಕು ದನಿ ಬಂತು. ಕಿವಿ ಹೇಳಿದ್ದನ್ನ ಕಣ್ಣಿಗೂ ತೋರಿಸಬೇಕಲ್ಲ. ಹೊರಗ ಸುಣ್ಣ ಬಳಿದು ಒಣಗಿಸಿ, ಒಳಗ ಬೆಸುಗಿಗೆ ಚಿಮಣಿ ಎಣ್ಣಿ ಒರಿಸಿದೆ. ಸ್ವಲ್ಪ ಹೊತ್ತಿಗೆ ಬಿಳಿ ಸುಣ್ಣದ ಮ್ಯಾಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು, ಒಂದು ಗೇಣು ಉದ್ದ. ಈ ಕೆಲಸ ಬೆಂಕಿಯಿಂದ ದೂರ, ಅಂಗಳದಾಗ ಮಾಡಬೇಕು.

ಈಗ ಎಲ್ಲಾ ತಿಳೀತು. ನೀರು ಹಿಂಬದಿಗೆ ಸೋರಿ ನೇರ ಮಣ್ಣಿಗೆ, ಮಣ್ಣಿನಿಂದ ಗ್ವಾಡಿಗೆ ಹೋಗತಿತ್ತು. ಅದಕ್ಕೇ ಬೂದಿ ಒಣಾ. ಬೆಸುಗಿ ಯಾಕ ಬಿಟ್ಟಿತು? ನೀರಿಲ್ಲದ ಬ್ಯಾಸಗ್ಯಾಗ ನಮ್ಮ ಊರಾಗ ಎಲ್ಲರೂ ಅರ್ಧ ಹಂಡೆಗೇ ಒಲಿ ಹೂಡತಾರ. ಹೊಗಿ ಕಿಂಡಿ ಹಿಂಬದಿಗೆ ಇರೂದರಿಂದ ಉರಿ ಅಲ್ಲಿಂದ ಮ್ಯಾಲೆ ಎಳೀತದ. ನೀರು ಇರೋತನಕ ತಾಮ್ರ ಕುದಿಬಿಸಿಗಿಂತ ಬಹಳ ಮ್ಯಾಲೆ ಏರೂದಿಲ್ಲ. ನೀರಿಲ್ಲದ ಜಾಗ ಮಾತ್ರ ಬರೀ ಉರಿ ತಿಂತದ. ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ ಬೆಸುಗಿ ಸಡಿಲ ಆಗತದ.

ಹಂಡೆ ವಿಜಯಪುರಕ್ಕ ಒಯ್ದೆ. ಅಲ್ಲಿ ಒಬ್ಬ ವಯಸ್ಸಾದ ಕಂಚಗಾರ ಸಿಕ್ಕ. “ತವರ ಹಾಕಿದರ ಈಗ ನಿಲ್ಲತದ, ಮತ್ತ ಅರ್ಧ ಹಂಡೆಗೆ ಒಲಿ ಹೂಡಿದ ದಿನ ಬಿಡತದ” ಅಂದ. ತವರ ಕರಗಾಕ 232 ಡಿಗ್ರಿ ಸಾಕು, ಖಾಲಿ ತಾಮ್ರಕ್ಕ ಉರಿ ಬಡಿದರೆ ಅದು ಲಗು ದಾಟತದ. ಅಂಗಡ್ಯಾಗ ಸಿಗೋ ಎರಡು ತುಂಡು ಕಲಿಸಿ ಹಚ್ಚೋ ಅಂಟೂ ತಣ್ಣೀರಿನ ಪೈಪಿಗೆ ಸರಿ, ಒಲಿಗೆ ಅಲ್ಲ. ಅವ ಬೆಸುಗಿ ಬಡಿದು ಕೂಡಿಸಿ, ಕೆರೆದು ತೊಳೆದು, ಬಿಳಿಗಾರ ಹಾಕಿ ಹಿತ್ತಾಳಿ ಬೆಸುಗಿ ಮಾಡಿದ. ಬಸ್ ಚಾರ್ಜ್ ಸೇರಿದರೂ ಗೌಂಡಿ ಹೇಳಿದ ಎರಡು ಚೀಲ ಸಿಮೆಂಟಿನಷ್ಟು ಖರ್ಚು ಆಗಲಿಲ್ಲ. ಊರಿಗೆ ಬಂದು ಒಲಿ ಕಟ್ಟುವಾಗ ಬೆಸುಗಿ ಮಣ್ಣಿನ ಹೊರಗ ಕಾಣುವಂಗ ಹಂಡೆ ಎತ್ತರಿಸಿ ಕೂಡಿಸಿದೆ. ಉರಿ ಅಲ್ಲಿಮಟ ಹೋಗಬಾರದು, ಮುಂದ ಸೋರಿದರೂ ಕಣ್ಣಿಗೆ ಕಾಣಬೇಕು. ಮತ್ತ ಮೂರು ರಾತ್ರಿ ತಮ್ಮನ ಮುಂದ ಗೆರೆ ಹಾಕಿದೆ. ನೀರು ಗೆರೆ ಬಿಡಲಿಲ್ಲ.

ಕೆಟ್ಟ ಎರಡು ಚೀಲಕ್ಕ ನನ್ನ ಕಣಜದ ಎರಡು ಚೀಲ ಜೋಳ ಅವನ ಮನಿಗೆ ಹೊರಿಸಿದೆ. ಅವ ಒಂದನ್ನ ಇಟ್ಟುಕೊಂಡು ಒಂದನ್ನ ತಿರುಗಿ ಕಳಿಸಿದ. ಗ್ವಾಡಿ ಒಣಗಾಕ ಎರಡು ತಿಂಗಳು ಬೇಕಾತು. ಮಣ್ಣಿನ ಗ್ವಾಡಿ ಕುಡಿದದ್ದನ್ನ ಲಗು ಬಿಡೂದಿಲ್ಲ, ಮನಸ್ಸೂ ಹಂಗೇ. ಹೆಣ್ಣಮಕ್ಕಳು ಮಾತಾಡಾಕ ಶುರು ಮಾಡಿದ್ದು ಗ್ವಾಡಿ ಒಣಗೋ ಮೊದಲು.

ಹನಿ ಸಣ್ಣದು ಅಂತ ಬಿಡಬ್ಯಾಡ್ರಿ. 20 ಹನಿಗೆ ಒಂದು ಮಿಲಿಲೀಟರ್ ಹಿಡಿದರೂ, ಕ್ಷಣಕ್ಕೊಂದು ಹನಿ ಬಿದ್ದರೆ ದಿನಕ್ಕ ನಾಲ್ಕು ಲೀಟರ್ ದಾಟತದ. ಗುರುಗಳು ಸಾಲಿ ಟಾಕಿಗೆ ಹುಡುಗರಿಂದ ಗೆರೆ ಹಾಕಿಸಿ ಈ ಲೆಕ್ಕ ಮಾಡಿಸಬಹುದು. ಮನಿಯವರು ಪಂಚಾಯತಿಗೆ ಹೋಗೋ ಮೊದಲು ಒಂದು ಇದ್ದಲಿ ತಗೋರಿ, ಒಂದು ರಾತ್ರಿ ತಡೀರಿ. ಗೆರೆ ಮಾತ್ರ ಒಬ್ಬರೇ ಹಾಕಬ್ಯಾಡ್ರಿ. ಒಬ್ಬ ಹಾಕಿದ ಗೆರೆಯನ್ನ ಇನ್ನೊಬ್ಬ ನಂಬೂದಿಲ್ಲ, ಇಬ್ಬರೂ ಕೂಡಿ ಹಾಕಿದ್ದನ್ನ ಯಾರೂ ಅಳಿಸಾಕ ಬರೂದಿಲ್ಲ.