ಅಡ್ಮಿನ್ ಎಂದರೆ ಯಾರು?

ನಾವು ಕೆಲಸ ಮಾಡುವ ಹೈದರಾಬಾದಿನ ಕಚೇರಿಯ ಸರ್ವರ್ ಕೋಣೆಯಲ್ಲಿ, ರ‍್ಯಾಕಿನ ಕೆಳ ಅಂತಸ್ತಿನಲ್ಲಿ, ಕನ್ಸೋಲ್ ಸರ್ವರ್ ಎಂಬ ತೆಳ್ಳನೆಯ ಪೆಟ್ಟಿಗೆಯೊಂದಿದೆ. ರೂಟರು, ಸ್ವಿಚ್ಚುಗಳ ಕನ್ಸೋಲ್ ಪೋರ್ಟುಗಳಿಂದ ಹೊರಟ ಕೇಬಲ್ಲುಗಳೆಲ್ಲ ಬಂದು ಸೇರುವುದು ಅದಕ್ಕೆ. ಸೆಕೆಂಡಿಗೆ 9600 ಬಿಟ್‌ಗಳ ಹಳೆಯ ನಿಧಾನಗತಿ. ಆದರೆ ಸ್ವಿಚ್ಚು ಕೆಟ್ಟು ಜಾಲವೇ ನಿಂತಾಗ ಅದರ ಒಳಹೊಗಲು ಉಳಿಯುವ ದಾರಿ ಇದೊಂದೇ. ಇಂಗ್ಲಿಷಿನಲ್ಲಿ 'ಕನ್ಸೋಲ್' ಕ್ರಿಯಾಪದವಾದರೆ ಸಂತೈಸು ಎಂಬ ಅರ್ಥ, ಒತ್ತು ಎರಡನೆಯ ಅಕ್ಷರಕ್ಕೆ. ಯಂತ್ರದ ಹೆಸರಾದರೆ ಒತ್ತು ಮೊದಲನೆಯದಕ್ಕೆ. ಎಂ.ಎ. ತರಗತಿಯಲ್ಲಿ ಕಲಿತ ಈ ವ್ಯತ್ಯಾಸ ರಾತ್ರಿ ಎರಡು ಗಂಟೆಗೆ ನಮಗೆ ನೆನಪಿರುವುದಿಲ್ಲ.

ದೂರದಿಂದ ಈ ಪೆಟ್ಟಿಗೆಯನ್ನು ತಲುಪಲು ಟೆಲ್ನೆಟ್ಟೂ ಇತ್ತು, ಎಸ್‌ಎಸ್‌ಎಚ್ ಕೂಡ ಇತ್ತು. ಟೆಲ್ನೆಟ್ಟಿನಲ್ಲಿ ಪಾಸ್‌ವರ್ಡು ಅಂಚೆ ಕಾರ್ಡಿನ ಬರಹದಂತೆ ಬಯಲಾಗಿಯೇ ಸಾಗುತ್ತದೆ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡುಗಳ ಕಳವು ನಡೆದ ಮೇಲೆ, ಅಲ್ಲಿದ್ದ ತಾತು ಯುಲೊನೆನ್ 1995ರಲ್ಲಿ ಎಸ್‌ಎಸ್‌ಎಚ್ ರಚಿಸಿದರು. ನಾವು 23ನೆಯ ಪೋರ್ಟನ್ನು ಮುಚ್ಚಿ 22ನ್ನು ಮಾತ್ರ ಉಳಿಸಿಕೊಂಡೆವು. ಯಾರೂ ತಕರಾರು ಮಾಡಲಿಲ್ಲ.

ತಕರಾರು ಬಂದದ್ದು ಹೆಸರಿನ ವಿಷಯಕ್ಕೆ. 'ಅಡ್ಮಿನ್' ಎಂಬ ಒಂದೇ ಖಾತೆಯನ್ನು ಎಲ್ಲರೂ ಬಳಸುವ ಪದ್ಧತಿಯನ್ನು ಬಿಟ್ಟು, ರೇಡಿಯಸ್ ಸರ್ವರಿನ ಮೂಲಕ ಒಬ್ಬೊಬ್ಬರಿಗೂ ಅವರವರ ಹೆಸರಿನ ಖಾತೆ ಕೊಡೋಣವೆಂದೆವು. ಹಿರಿಯ ಸಹೋದ್ಯೋಗಿಯೊಬ್ಬರು, "ರಾತ್ರಿ ಪಾಳಿಯವನು ಪಾಸ್‌ವರ್ಡ್ ಮರೆತರೆ ಯಾರನ್ನು ಎಬ್ಬಿಸಬೇಕು ಸಾರ್?" ಎಂದು ತೆಲುಗಿನಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಆದರೆ ಹಿಂದೆ ನಾವಿದ್ದ ಇನ್ನೊಂದು ಕಚೇರಿಯಲ್ಲಿ ಒಂದು ರಾತ್ರಿ ಸ್ವಿಚ್ಚೊಂದರ ಕಾನ್ಫಿಗರೇಷನ್ ಅಳಿಸಿಹೋಗಿತ್ತು. ಲಾಗ್ ತೆಗೆದು ನೋಡಿದರೆ 'ಅಡ್ಮಿನ್' ಎಂದಿತ್ತು. ಆ ಪಾಸ್‌ವರ್ಡು ಏಳು ಜನಕ್ಕೆ ಗೊತ್ತಿತ್ತು; ಅವರಲ್ಲಿ ಇಬ್ಬರು ವರ್ಗವಾಗಿ ಬೇರೆ ಊರು ಸೇರಿದ್ದರು. ಅನುಮಾನ ಮಾತ್ರ ಸುತ್ತಿ ಬಳಸಿ ಗುತ್ತಿಗೆಯ ಹುಡುಗನ ಮೇಲೆ ಬಂದು ನಿಂತಿತು. ತಾನಲ್ಲವೆಂದು ತೋರಿಸಲು ಅವನ ಬಳಿ ಏನೂ ಇರಲಿಲ್ಲ. ಅವನೇ ಎಂದು ಹೇಳಲು ಬೇರೆಯವರ ಬಳಿಯೂ ಏನೂ ಇರಲಿಲ್ಲ. ಅವನ ಗುತ್ತಿಗೆ ನವೀಕರಣವಾಗಲಿಲ್ಲ.

ಹೆಸರಿನ ಖಾತೆಯನ್ನು ನೌಕರನ ಮೇಲಿನ ಕಾವಲೆಂದು ಬಗೆಯುವವರಿದ್ದಾರೆ. ನಮಗೆ ಅದು ಅವನಿಗೊಂದು ಸಾಕ್ಷಿಯೆಂದೇ ತೋರುತ್ತದೆ. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗುಗಳನ್ನು 180 ದಿನ ಕಾದಿಡಬೇಕು. ಹೆಸರಿಲ್ಲದ ಲಾಗನ್ನು ಅಷ್ಟು ದಿನ ಕಾದಿಟ್ಟು ಮಾಡುವುದೇನು? 'ಪರಿಶೀಲಿಸಲಾಯಿತು', 'ಕಳುಹಿಸಲಾಯಿತು' ಎಂದು ಕರ್ತೃವೇ ಇಲ್ಲದ ವಾಕ್ಯಗಳಲ್ಲಿ ಸೇವಾವಧಿ ಕಳೆಯುವವರು ನಾವು. ಈ ಬರಹದಲ್ಲೂ 'ನಾನು' ಎನ್ನುವ ಧೈರ್ಯ ಬಂದಿಲ್ಲ, ಓದುಗರು ಗಮನಿಸಿರಬಹುದು.

ಇನ್ನೊಂದು ಸೂಕ್ಷ್ಮವಿದೆ. ಕನ್ಸೋಲ್ ಸರ್ವರಿನ ಸೆಷನ್ ಹತ್ತು ನಿಮಿಷಕ್ಕೆ ತಾನಾಗಿ ಮುಗಿಯುವಂತೆ ಮಾಡಿದರೂ, ಆಚೆ ತುದಿಯ ರೂಟರಿನಲ್ಲಿ ಲಾಗೌಟ್ ಆಗದಿದ್ದರೆ ಅಲ್ಲಿನ ಬಾಗಿಲು ತೆರೆದೇ ಇರುತ್ತದೆ. ಮುಂದೆ ಬಂದವನು ಹಿಂದಿನವನ ಅಧಿಕಾರದಲ್ಲೇ ಕುಳಿತುಬಿಡುತ್ತಾನೆ. ಸಿಸ್ಕೊ ರೂಟರುಗಳಲ್ಲಿ ಈ ಅವಧಿಯನ್ನು ಸೊನ್ನೆಗೆ ಇಟ್ಟರೆ 'ಎಂದಿಗೂ ಮುಗಿಯದು' ಎಂದರ್ಥ. ಅವಸರದಲ್ಲಿ ಹಾಗಿಟ್ಟು ಮರೆತವರು ಬಹಳ. ಎರಡೂ ಕಡೆ ಸಮಯ ಕಟ್ಟಿದೆವು.

ಇನ್ನು ಹಿರಿಯರ ಪ್ರಶ್ನೆ. ಮರೆತ ಪಾಸ್‌ವರ್ಡಿಗೆ ಪರಿಹಾರ ಸುಲಭ: ಪಾಳಿಯ ಇನ್ನೊಬ್ಬರು ತಮ್ಮ ಹೆಸರಿನಲ್ಲೇ ಒಳಹೋಗಬಹುದು. ಆದರೆ ಜಾಲವೇ ಬಿದ್ದಾಗ ರೇಡಿಯಸ್ ಸರ್ವರೂ ಸಿಗುವುದಿಲ್ಲ; ಕನ್ಸೋಲ್ ಬೇಕಾಗುವುದೂ ಆಗಲೇ. ಆದ್ದರಿಂದ ಪೆಟ್ಟಿಗೆಯೊಳಗೇ ಒಂದು ಸ್ಥಳೀಯ ಖಾತೆ ಉಳಿಸಿದ್ದೇವೆ. ರೇಡಿಯಸ್ 'ಬೇಡ' ಎಂದರೆ ಅದು ತೆರೆಯದು. ರೇಡಿಯಸ್ ಉತ್ತರವನ್ನೇ ಕೊಡದಿದ್ದರೆ ಮಾತ್ರ ತೆರೆಯುತ್ತದೆ. ಅದರ ಪಾಸ್‌ವರ್ಡು ಅರಗಿನ ಮೊಹರು ಹಾಕಿದ ಲಕೋಟೆಯಲ್ಲಿ, ತಿಜೋರಿಯಲ್ಲಿದೆ. ಒಡೆದವರು ರಿಜಿಸ್ಟರಿನಲ್ಲಿ ಹೆಸರು, ಗಂಟೆ ಬರೆದು ಸಹಿ ಹಾಕಬೇಕು. ಮರುದಿನ ಹೊಸ ಪಾಸ್‌ವರ್ಡು, ಹೊಸ ಲಕೋಟೆ. ಈವರೆಗೆ ಎರಡು ಸಲ ಒಡೆದಿದ್ದಾರೆ, ಎರಡೂ ಮಳೆಗಾಲದಲ್ಲಿ. ಎರಡನೆಯ ಸಹಿ ಆ ಹಿರಿಯ ಸಹೋದ್ಯೋಗಿಯದೇ.