‘ಹೋಗಿದೆ’ ಅಂದರೆ ಸಾಕೆ?

ನಮ್ಮ ಕಡೆ ಯಾವ ಯಂತ್ರ ಕೆಟ್ಟರೂ ಅದಕ್ಕೆ ಒಂದೇ ಮಾತು: ‘ಹೋಗಿದೆ’. ಮಿಕ್ಸಿ ಹೋಗಿದೆ, ಮೋಟಾರು ಹೋಗಿದೆ, ಟಿ.ವಿ. ಹೋಗಿದೆ. ಎಲ್ಲಿಗೆ ಹೋಯಿತು, ಯಾಕೆ ಹೋಯಿತು ಎಂದು ಕೇಳುವ ಹಾಗಿಲ್ಲ. ಹೇಳುವವನು ಅಂಗಡಿಯವನಾಗಿ, ಕೇಳಿಸಿಕೊಳ್ಳುವವಳು ಹೆಂಗಸಾಗಿದ್ದರಂತೂ ಮಾತು ಅಲ್ಲಿಗೇ ಮುಗಿಯಿತು. ‘ಹೊಸದು ಹಾಕಿಸಬೇಕಮ್ಮ’ ಎನ್ನುತ್ತಾನೆ, ನಾವು ಪರ್ಸು ತೆಗೆಯುತ್ತೇವೆ. ಹತ್ತು ವರ್ಷ ದುಡಿದ ವಸ್ತುವಾದರೆ ಹೇಗೋ ಸಮಾಧಾನ ಮಾಡಿಕೊಳ್ಳಬಹುದು. ಆದರೆ ನಿನ್ನೆ ತಂದು ಜೋಡಿಸಿದ, ಒಂದು ಗಳಿಗೆಯೂ ನಡೆಯದ ಯಂತ್ರವನ್ನು ‘ಹೋಗಿದೆ’ ಎಂದರೆ? ಇನ್ನೂ ಬಾರದೇ ಇದ್ದದ್ದು ಹೋಗುವುದಾದರೂ ಹೇಗೆ?

ಅಜ್ಜಂಪುರದಲ್ಲಿರುವ ನನ್ನ ತಂಗಿಯ ಮಗಳ ಕಂಪ್ಯೂಟರಿಗೆ ಆದದ್ದು ಹೀಗೆಯೇ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಒಂದು. ಅದಕ್ಕೆ ಮುಂಚೆ ತಾಲ್ಲೂಕಿನ ಕೆಲಸಕ್ಕೆಲ್ಲ ತರೀಕೆರೆಗೆ ಓಡಬೇಕಿತ್ತು. ಕಚೇರಿ ಬಂದಲ್ಲಿ ಅರ್ಜಿ ಬರುತ್ತದೆ, ಅರ್ಜಿ ಬಂದಲ್ಲಿ ಅದನ್ನು ಟೈಪು ಮಾಡುವವರು ಬೇಕಾಗುತ್ತದೆ. ಹುಡುಗಿ ಮನೆಯ ಮುಂದಿನ ಕೋಣೆಯಲ್ಲೇ ಮೇಜು ಹಾಕಿದಳು. ಅರ್ಜಿ, ಮದುವೆಯ ಕರೆಯೋಲೆ, ಕಾಲೇಜು ಮಕ್ಕಳ ಪ್ರಾಜೆಕ್ಟು – ಅವಳಪ್ಪ ತೀರಿಕೊಂಡ ಮೇಲೆ ಮನೆ ನಡೆಯುತ್ತಿರುವುದು ಆ ಒಂದು ಮೇಜಿನಿಂದ. ಹಳೆಯ ಕಂಪ್ಯೂಟರು ಆಮೆಯಂತೆ ತೆವಳತೊಡಗಿದಾಗ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು, ಸಿದ್ಧ ಕಂಪ್ಯೂಟರಿಗೆ ಅಷ್ಟು ದುಡ್ಡು ಸಾಲದೆ ಬಿಡಿಭಾಗಗಳನ್ನು ಕೊಂಡು, ಹಳೆಯದರ ಪೆಟ್ಟಿಗೆಯಲ್ಲೇ ತಾನೇ ಜೋಡಿಸಿದಳು.

ಗುಂಡಿ ಒತ್ತಿದರೆ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಪರದೆ ಕಪ್ಪು. ಮತ್ತೆ ಒತ್ತಿದರೆ ಮತ್ತೆ ಅರ್ಧ ಸುತ್ತು. ಮಾರಿದ ಅಂಗಡಿಯವರು ಫೋನಿನಲ್ಲೇ ತೀರ್ಪು ಕೊಟ್ಟರು: ‘ಮದರ್‌ಬೋರ್ಡ್ ಹೋಗಿದೆ. ಪ್ಯಾಕು ಒಡೆದದ್ದನ್ನು ವಾಪಸು ತಗೊಳ್ಳಲ್ಲ.’ ಅವಳ ಚಿಕ್ಕಪ್ಪ ಬಂದು, ‘ಹೆಣ್ಣುಮಕ್ಕಳು ಮಾಡೋ ಕೆಲಸವಾ ಇದು?’ ಎಂದು ಕೇಳಿ, ಕಾಫಿ ಕುಡಿದು ಹೋದರು. ಅವಳು ಕಡೂರಿಗೆ ಫೋನು ಮಾಡಿದಳು. ‘ದೊಡ್ಡಮ್ಮ, ದುಡ್ಡು ಹೋದ್ರೆ ಹೋಗಲಿ. ಇನ್ನು ನಾನು ಯಾವುದನ್ನೂ ಬಿಚ್ಚೋಕೆ ಹೋಗಲ್ಲ.’

ದುಡ್ಡಿನ ಮಾತಿಗಿಂತ ನನಗೆ ಹೆಚ್ಚು ಹೆದರಿಕೆಯಾದದ್ದು ಆ ಎರಡನೆಯ ಮಾತಿನಿಂದ. ಮರುದಿನ ಪ್ಯಾಸೆಂಜರ್ ರೈಲು ಹತ್ತಿದೆ. ಬೀರೂರಿನಲ್ಲಿ ಹಳಿ ಎರಡಾಗುತ್ತದೆ. ಒಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ. ಬೀರೂರಿನವರೆಗೆ ಸರಿಯಾಗಿ ಬಂದ ರೈಲು ಅಜ್ಜಂಪುರಕ್ಕೆ ಬರಲಿಲ್ಲವೆಂದರೆ ತರೀಕೆರೆಯ ಹಳಿಯ ಮೇಲೆ ಯಾರೂ ಹುಡುಕುವುದಿಲ್ಲ, ಅಲ್ಲವೆ? ಕೆಟ್ಟದ್ದನ್ನು ಹುಡುಕುವ ವಿದ್ಯೆಯೂ ಇಷ್ಟೇ. ಎಲ್ಲಿಯವರೆಗೆ ಸರಿಯಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಕಂಪ್ಯೂಟರು ಏಳುವುದಕ್ಕೆ ‘ಬೂಟ್’ ಎನ್ನುತ್ತಾರೆ. ಬೂಟಿನ ಹಿಂಬದಿಯ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂಬ ಮಾತಿನಿಂದ ಬಂದ ಹೆಸರಂತೆ. ಹೆಸರಿಗೆ ತಕ್ಕ ಹಾಗೆ ಅದು ಮೆಟ್ಟಿಲು ಮೆಟ್ಟಿಲಾಗಿ ಏಳುತ್ತದೆ. ಮೊದಲು ಪವರ್ ಸಪ್ಲೈ ತನ್ನ ವಿದ್ಯುತ್ತು ಸರಿಯಿದೆ ಎಂದು ಸೂಚನೆ ಕೊಡಬೇಕು. ಆಮೇಲೆ ಪ್ರೊಸೆಸರ್ ಎಚ್ಚರಗೊಂಡು ಮೆಮೊರಿಯನ್ನು ವಿಚಾರಿಸುತ್ತದೆ, ಪರದೆಯನ್ನು ವಿಚಾರಿಸುತ್ತದೆ, ಕೊನೆಗೆ ಡಿಸ್ಕಿನಿಂದ ಉಳಿದದ್ದನ್ನು ಓದಿಕೊಳ್ಳುತ್ತದೆ. 1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯಲ್ಲಿ ಈ ತಪಾಸಣೆ ಸುಸೂತ್ರವಾಗಿ ಮುಗಿದರೆ ಒಂದು ಸಲ ‘ಬೀಪ್’ ಎನ್ನುತ್ತಿತ್ತು. ಈಗಿನ ಎಷ್ಟೋ ಬೋರ್ಡುಗಳಲ್ಲಿ ಅದರ ಬದಲು ಪುಟ್ಟ ದೀಪಗಳಿರುತ್ತವೆ. ಡಿಸ್ಕಿನ ತಂಟೆಯಾದರೆ ಪರದೆಯ ಮೇಲೆ ಅಕ್ಷರವಾದರೂ ಮೂಡುತ್ತದೆ. ಮೆಮೊರಿಯ ತಂಟೆಯಾದರೆ ಸಾಮಾನ್ಯವಾಗಿ ಫ್ಯಾನು ತಿರುಗುತ್ತಲೇ ಇದ್ದು ಪರದೆ ಕಪ್ಪಾಗಿರುತ್ತದೆ. ಫ್ಯಾನೇ ನಿಂತುಹೋದರೆ? ಮೊದಲ ಮೆಟ್ಟಿಲಿನಲ್ಲೇ ಏನೋ ಕಾಲಿಗೆ ತೊಡರಿದೆ ಎಂದು ಅರ್ಥ.

ನನ್ನ ಯಂತ್ರಜ್ಞಾನ ಕುಕ್ಕರಿನವರೆಗೆ ಮಾತ್ರ. ಆದರೆ ಕುಕ್ಕರು ಕೂಗದಿದ್ದರೆ ನಾವೇನು ಅದನ್ನು ತಿಪ್ಪೆಗೆ ಎಸೆಯುತ್ತೇವೆಯೇ? ಉರಿ ಇದೆಯೇ, ನೀರಿದೆಯೇ, ಗ್ಯಾಸ್ಕೆಟ್ಟು ಕೂತಿದೆಯೇ, ವೆಯ್ಟಿನ ತೂತಿನಲ್ಲಿ ಬೇಳೆ ಸಿಕ್ಕಿದೆಯೇ ಎಂದು ಒಂದೊಂದಾಗಿ ನೋಡುತ್ತೇವೆ. ಅದೇ ಕ್ರಮ ಇಲ್ಲೂ ಎಂದೆ. ಹುಡುಗಿ ನಕ್ಕಳು. ನಾನು ಕನ್ನಡಕ ಹಾಕಿಕೊಂಡು ಲೆಕ್ಕದ ಪುಸ್ತಕ ಹಿಡಿದು ಕೂತೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನೆಲ್ಲ ಬರೆದಿಡುವುದು – ಇದು ನಮ್ಮ ನಿಯಮ. ಬಿಚ್ಚುವ ಮೊದಲು ಪ್ಲಗ್ಗು ಕಿತ್ತು, ಮೈಯ ಸ್ಥಾಯಿ ವಿದ್ಯುತ್ತು ಹೋಗಲೆಂದು ಪೆಟ್ಟಿಗೆಯ ತಗಡನ್ನು ಮುಟ್ಟುವುದು ಅವಳ ನಿಯಮ. ಪವರ್ ಸಪ್ಲೈಯ ಡಬ್ಬಿಯನ್ನು ಮಾತ್ರ ಬಿಚ್ಚಬಾರದು, ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ ಎಂದು ಅವಳೇ ನನಗೆ ಹೇಳಿಕೊಟ್ಟಳು.

ಗೋಡೆಯ ಪ್ಲಗ್ಗು ಸರಿ. ಬೋರ್ಡಿನ ದೊಡ್ಡ ಕೇಬಲ್ಲು ಸರಿ. ಪ್ರೊಸೆಸರ್ ಪಕ್ಕದ ಸಣ್ಣ ಕೇಬಲ್ಲನ್ನು ಮರೆಯುವವರು ಬಹಳವಂತೆ, ಅದೂ ಸರಿ. ಮೆಮೊರಿ ತೆಗೆದು ‘ಟಕ್’ ಎನ್ನುವಂತೆ ಮತ್ತೆ ಕೂರಿಸಿದಳು, ಅರ್ಧ ಸುತ್ತು. ತರೀಕೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಗೆಳತಿಯೊಬ್ಬಳ ಬಳಿ ಇದೇ ಬಗೆಯ ಕಂಪ್ಯೂಟರಿತ್ತು. ಬಸ್ಸಿನಲ್ಲಿ ಹೋಗಿ ಅದರ ಮೆಮೊರಿ, ಪವರ್ ಸಪ್ಲೈ ಎರಡನ್ನೂ ಒಂದು ದಿನದ ಮಟ್ಟಿಗೆ ಎರವಲು ತಂದಳು. ಒಂದಾದ ಮೇಲೊಂದು ಹಾಕಿ ನೋಡಿದೆವು. ಅರ್ಧ ಸುತ್ತು, ಮತ್ತೂ ಅರ್ಧ ಸುತ್ತು. ‘ಅಂಗಡಿಯವರು ಹೇಳಿದ್ದೇ ಸರಿ ಅನ್ಸುತ್ತೆ’ ಎಂದಳು. ಪುಸ್ತಕ ನೋಡಿದೆ. ‘ಇಲ್ಲ ಕಣೇ, ಇನ್ನೊಂದು ಬಾಕಿ ಇದೆ. ಪೆಟ್ಟಿಗೆ.’

ಬೋರ್ಡನ್ನು ಹೊರತೆಗೆದು, ಅದು ಬಂದಿದ್ದ ರಟ್ಟಿನ ಡಬ್ಬಿಯ ಮೇಲೆ ಮಲಗಿಸಿ, ತಂತಿಗಳನ್ನು ಸಿಕ್ಕಿಸಿ, ಗುಂಡಿಯ ಬದಲು ಸ್ಕ್ರೂಡ್ರೈವರಿನ ತುದಿಯನ್ನು ಎರಡು ಕಡ್ಡಿಗಳಿಗೆ ಒಂದು ಕ್ಷಣ ತಾಗಿಸಿದಳು. ಫ್ಯಾನು ತಿರುಗಿತು, ತಿರುಗುತ್ತಲೇ ಇತ್ತು. ಪರದೆಯಲ್ಲಿ ಬೆಳಕು ಬಂತು! ಪೆಟ್ಟಿಗೆಯಿಂದ ಹೊರಬಂದ ಕೂಡಲೇ ಜೀವ ಬಂದಿತ್ತು. ಹಾಗೆ ಹೊಸ್ತಿಲಾಚೆ ಬಂದ ಮೇಲೆ ಚೇತರಿಸಿಕೊಂಡ ಹೆಂಗಸರನ್ನೂ ನಾನು ಕಂಡಿದ್ದೇನೆ ಅನ್ನಿ.

ಬೋರ್ಡು ತಗಡಿಗೆ ತಾಗದಂತೆ ಎತ್ತಿ ಹಿಡಿಯಲು ಪೆಟ್ಟಿಗೆಯಲ್ಲಿ ಪುಟ್ಟ ಹಿತ್ತಾಳೆ ಕಾಲುಗಳಿರುತ್ತವೆ. ಹಳೆಯ ಬೋರ್ಡಿಗೆಂದು ಹಾಕಿದ್ದ ಒಂದು ಕಾಲು ಅಲ್ಲೇ ಉಳಿದಿತ್ತು. ಹೊಸ ಬೋರ್ಡಿನಲ್ಲಿ ಅದಕ್ಕೆ ಸರಿಯಾದ ರಂಧ್ರವೇ ಇಲ್ಲ, ಅಡಿಯ ಬೆಸುಗೆಗೇ ಒತ್ತುತ್ತಿತ್ತು. ಹೋಗಬಾರದ ದಾರಿಯಲ್ಲಿ ವಿದ್ಯುತ್ತು ಹರಿದದ್ದನ್ನು ಕಂಡು ಪವರ್ ಸಪ್ಲೈ ತಾನೇ ನಿಂತುಬಿಡುತ್ತಿತ್ತು. ನಾವು ರೋಗ ಎಂದುಕೊಂಡಿದ್ದ ಆ ಅರ್ಧ ಸುತ್ತು ನಿಜವಾಗಿ ಎಚ್ಚರಿಕೆ. ಹಳೆಯ ಮನೆಯ ಮೊಳೆ ಹೊಸದಾಗಿ ಬಂದವಳಿಗೆ ಚುಚ್ಚಿತ್ತು, ‘ಹೋಗಿದ್ದಾಳೆ’ ಎಂಬ ಮಾತೂ ಅವಳಿಗೇ ಬಂದಿತ್ತು.

‘ಹೆಣ್ಣುಮಕ್ಕಳು ಮಾಡೋ ಕೆಲಸವಾ’ ಎಂಬ ಪ್ರಶ್ನೆಗೂ ಉತ್ತರ ಉಂಟು. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೋಕಕ್ಕೆ ತೋರಿಸಿದ ‘ಎನಿಯಾಕ್’ ಎಂಬ ಕಂಪ್ಯೂಟರಿನಲ್ಲಿ ಸುಮಾರು 18,000 ವಾಲ್ವುಗಳಿದ್ದವು. ಅದಕ್ಕೆ ಲೆಕ್ಕ ಕಲಿಸಿದವರು ಆರು ಮಂದಿ ಹೆಣ್ಣುಮಕ್ಕಳು: ಕೇ ಮೆಕ್‌ನಲ್ಟಿ, ಬೆಟ್ಟಿ ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್, ರೂತ್ ಲಿಕ್ಟರ್‌ಮನ್. ಕೈಪಿಡಿಯಿಲ್ಲದೆ, ತಂತಿಗಳ ನಕ್ಷೆಗಳನ್ನೇ ಓದಿ ಕಲಿತರು. ಯಂತ್ರ ತಪ್ಪಿದರೆ ಯಾವ ವಾಲ್ವು ಕೆಟ್ಟಿದೆ ಎಂದು ಹುಡುಕುವಷ್ಟು ಪಳಗಿದರು. ಯಂತ್ರದ ಸಂಭ್ರಮದೂಟಕ್ಕೆ ಮಾತ್ರ ಅವರಿಗೆ ಕರೆ ಬರಲಿಲ್ಲ!

ಅಜ್ಜಂಪುರ ಅಮೃತಮಹಲ್ ತಳಿಯ ದನಗಳಿಗೆ ಹೆಸರಾದ ಊರು. ದನ ಕಂಡವರು ಎದ್ದು ನಿಲ್ಲದ ಕರುವನ್ನು ನೋಡಿದ ಕೂಡಲೇ ‘ಹೋಯಿತು’ ಎನ್ನುವುದಿಲ್ಲ. ಕಣ್ಣು ನೋಡುತ್ತಾರೆ, ಬಾಯಿ ನೋಡುತ್ತಾರೆ, ಗೊರಸಿನ ಸಂದಿಯಲ್ಲಿ ಮುಳ್ಳಿದೆಯೇ ಎಂದು ಬೆರಳಾಡಿಸುತ್ತಾರೆ. ನಮ್ಮ ಹುಡುಗಿಯೂ ಈಗ ಆ ಜಾತಿಗೆ ಸೇರಿದ್ದಾಳೆ. ಸಂಘದ ಕಂತು ತಪ್ಪಿಲ್ಲ. ಸಂಘದ ಹೆಂಗಸರು ಏಳದ ಕಂಪ್ಯೂಟರನ್ನು ಹೊತ್ತು ತಂದು ‘ಹೋಗಿದೆ ಕಣೇ’ ಎಂದರೆ, ‘ಎಲ್ಲೀವರೆಗೆ ಬರುತ್ತೆ ಹೇಳಿ ಅಕ್ಕಾ’ ಎನ್ನುತ್ತ ಲೆಕ್ಕದ ಪುಸ್ತಕದಲ್ಲಿ ಹೊಸ ಹಾಳೆ ತಿರುವುತ್ತಾಳೆ.