ನಮ್ಮ ಗೋಡೆಯ ಬೂದುನೀಲಿ



ಹೊಸ ಮನೆ ನೋಡೋಕೆ ಬಂದ ಸಂಘಟನೆಯ ತಮ್ಮನೊಬ್ಬ ಹಾಲ್‌ನ ಗೋಡೆ ನೋಡಿ, “ಏನಣ್ಣ, ಗಾಢ ನೀಲಿ ಹೊಡೆಸ್ತೀರ ಅಂದ್ಕೊಂಡಿದ್ದೆ. ಇದೇನು ಬೂದಿ ಕಲಸಿದ ನೀಲಿ? ನೀವೂ ಬಣ್ಣ ತಗ್ಗಿಸಿಬಿಟ್ರಾ?” ಅಂದ. ತಮಾಷೆಗೇ ಅಂದಿದ್ದು. ಆದ್ರೂ ಚುಚ್ಚಿತು.

ನೀಲಿ ನಮಗೆ ಬರೀ ಬಣ್ಣ ಅಲ್ಲ. 1942ರಲ್ಲಿ ಬಾಬಾಸಾಹೇಬರು ಕಟ್ಟಿದ ಪರಿಶಿಷ್ಟ ಜಾತಿಗಳ ಫೆಡರೇಷನ್‌ನ ಬಾವುಟ ನೀಲಿ. ಏಪ್ರಿಲ್ 14 ಬಂದ್ರೆ ನಮ್ಮ ಕೇರಿಗಳೆಲ್ಲ ನೀಲಿ. ನಾನೂ ಮೊದಲು ಗಾಢ ನೀಲಿನೇ ಆಗಬೇಕು ಅಂತ ಹಟ ಹಿಡಿದಿದ್ದೆ. ಮಗಳು ಶೇಡ್ ಕಾರ್ಡ್‌ನಲ್ಲಿ ಈ ಬೂದುನೀಲಿ ತೋರಿಸಿದಳು. ಪೇಂಟರ್ ಜಾಣ. ಎರಡನ್ನೂ ಗೋಡೆ ಮೇಲೆ ಒಂದೊಂದು ಅಡಿ ಬಳಿದು, “ಎರಡು ದಿನ ನೋಡಿ ಸಾರ್, ಆಮೇಲೆ ಹೇಳಿ” ಅಂದ.

ನಮ್ಮ ಹಾಲ್‌ಗೆ ಇರೋದು ಉತ್ತರದ ಒಂದೇ ಕಿಟಕಿ. ಗಾಢ ನೀಲಿ ಇದ್ದ ಬೆಳಕನ್ನೆಲ್ಲ ನುಂಗಿಬಿಟ್ಟಿತು. ಬಾಬಾಸಾಹೇಬರ ಫೋಟೋ ಹಿಡಿದು ನೋಡಿದ್ರೆ ಅವರ ನೀಲಿ ಕೋಟು ಗೋಡೆಯಲ್ಲೇ ಕರಗಿಹೋಯ್ತು. ಬೂದುನೀಲಿ ಮೇಲೆ ಇಟ್ಟಾಗ ಕೋಟು, ಕೆಂಪು ಟೈ, ಕೈಯ ಪುಸ್ತಕ ಎಲ್ಲಾ ಎದ್ದು ಕಂಡವು. ರಾತ್ರಿ ಬಿಳಿ ಟ್ಯೂಬ್‌ಲೈಟಲ್ಲಿ ಮಾತ್ರ ಸಿಮೆಂಟ್ ಥರ ಕಾಣ್ತಿತ್ತು. ಹಳದಿ ಬೆಳಕಿನ ಬಲ್ಬ್ ಹಾಕಿದ ಮೇಲೆ ಸರಿಹೋಯ್ತು.

ಊರಿಂದ ಬಂದ ಅವ್ವ ಗೋಡೆ ಸವರಿ, “ನಮ್ ಸುಣ್ಣದ ಬಣ್ಣ ಅಲ್ವಾ ಮಗ ಇದು?” ಅಂದ್ಲು. ಹೌದಲ್ಲ! ಸುಣ್ಣ ಬೆಳ್ಳಗೆ ಕಾಣಲಿ ಅಂತ ಬಟ್ಟೆಗೆ ಹಾಕೋ ನೀಲಿಯನ್ನೇ ಚಿಟಿಕೆ ಬೆರೆಸ್ತಿದ್ಲು ಅವ್ವ. ಕೈ ಮುಂದಾದ್ರೆ ಗೋಡೆ ನೀಲಿಗೆ ತಿರುಗೋದು, ಒಲೆ ಹೊಗೆ ಹಿಡಿದು ಬೂದಿ ಆಗೋದು. ನಾನು ಹುಟ್ಟಿ ಬೆಳೆದಿದ್ದು ಇದೇ ಬಣ್ಣದೊಳಗೆ.

ಆಮೇಲೆ ನಗರಕ್ಕೆ ಬಂದು ಹನ್ನೊಂದು ವರ್ಷ ಬಾಡಿಗೆ ಮನೆ. ಬಿಳಿ ಗೋಡೆ. ಮೊಳೆ ಹೊಡೀಬೇಡಿ ಅಂತ ಓನರ್ ತಾಕೀತು. ನಿಜ ಹೇಳ್ತೀನಿ, ಮೊಳೆ ಒಂದು ನೆಪ. ಫೋಟೋ ನೋಡಿದ್ರೆ ಜಾತಿ ಗೊತ್ತಾಗುತ್ತೆ, ಖಾಲಿ ಮಾಡಿ ಅಂತಾರೆ ಅನ್ನೋ ಭಯಕ್ಕೆ ಬಾಬಾಸಾಹೇಬರನ್ನ ಬೀರುವಿನಲ್ಲಿ ಇಟ್ಟಿದ್ದೆ. ವಿದೇಶದಲ್ಲಿ ಓದಿ ಬಂದ ಅವರಿಗೇ ಬರೋಡದಲ್ಲಿ ಮನೆ ಸಿಗದೆ, ಪಾರ್ಸಿ ಹೆಸರು ಹೇಳಿಕೊಂಡು ಛತ್ರದಲ್ಲಿ ಇರಬೇಕಾಯ್ತು, ಅಲ್ಲಿಂದಲೂ ಹೊರಹಾಕಿಸಿಕೊಳ್ಳಬೇಕಾಯ್ತು. ನೂರು ವರ್ಷ ಕಳೆದ ಮೇಲೂ ನನ್ನ ಬೀರು ಅದೇ ಕಥೆ ಹೇಳ್ತಿತ್ತು.

ಬಣ್ಣ ತಗ್ಗಿಸಿದ್ದು ಆಗ ತಮ್ಮ, ಆ ಬಿಳಿ ಗೋಡೆಗಳಲ್ಲಿ. ಈಗಲ್ಲ.

ಎರಡನೇ ಕೋಟ್ ಒಣಗಿದ ದಿನ ಮಗಳೇ ಮೊಳೆ ಹೊಡೆದಳು. ಬಾಗಿಲು ತೆಗೆದ್ರೆ ಮೊದಲು ಕಾಣೋದು ಬಾಬಾಸಾಹೇಬರೇ. ಕಂತು ಇನ್ನೂ ಹದಿನೆಂಟು ವರ್ಷ ಕಟ್ಟಬೇಕು, ಕಟ್ಟೋಣ.

ನಿಮ್ಮಲ್ಲಿ ಯಾರ ಬೀರುವಿನಲ್ಲಾದ್ರೂ ಅವರು ಇನ್ನೂ ಇದ್ದರೆ, ನಾಚಿಕೆ ಪಡಬೇಡಿ. ನಾಚಿಕೆ ಪಡಬೇಕಾದವರು ಬೇರೆ ಇದ್ದಾರೆ.

ಜೈ ಭೀಮ್.